ಇದು ಸರ್ವಜ್ಞನೇ ಅಂದದ್ದಾ?

ಯಾರೋ ಒಬ್ಬರು ಮೂರು ಸಾಲು ಕಟ್ಟಿ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿದರೆ ಅದು ಸರ್ವಜ್ಞನ ವಚನವಾಗಿಬಿಡುತ್ತದೆಯೇ? ಮೊಬೈಲ್ ಮೇಲೆ, ಪರೀಕ್ಷೆಯ ಮೇಲೆ, ಬಾರದ ಬಸ್ಸಿನ ಮೇಲೆ ಅಂಥ ಸಾಲುಗಳನ್ನು ನೀವೂ ಓದಿ ನಕ್ಕಿರಬಹುದು. ಇವು ತಮಾಷೆಗೆ ಕಟ್ಟಿದವು ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಇನ್ನೂರು ವರ್ಷದ ಹಿಂದೆ ಯಾರೋ ಒಬ್ಬರು ಹೀಗೆಯೇ ಕಟ್ಟಿ ಸೇರಿಸಿದ್ದರೆ? ಆಗ ಮೊಬೈಲ್ ಇರಲಿಲ್ಲ, ನಮಗೆ ಸುಳಿವೂ ಸಿಗುವುದಿಲ್ಲ.

ಸರ್ವಜ್ಞ ನಮ್ಮ ಹಿರೇಕೆರೂರು ತಾಲ್ಲೂಕಿನ ಅಬಲೂರಿನವನು ಎನ್ನುತ್ತಾರೆ. ಮಾಸೂರಿನ ಹೆಸರೂ ಅವನ ಕಥೆಯಲ್ಲಿ ಬರುತ್ತದೆ. ಅವನು ಯಾವ ಕಾಲದವನು ಎಂಬ ಬಗ್ಗೆ ಪಂಡಿತರು ಇನ್ನೂ ಒಂದು ಮಾತಿಗೆ ಬಂದಿಲ್ಲ. ಅವನು ಒಂದು ಕಡೆ ಕೂತು ಪುಸ್ತಕ ಬರೆದವನಲ್ಲ, ತಿರುಗುತ್ತ ಹೇಳಿದವನು. ಕೇಳಿದವರು ನೆನಪಿಟ್ಟುಕೊಂಡರು, ಮರೆತ ಕಡೆ ತಮ್ಮದೊಂದು ಪದ ಹಾಕಿದರು, ಕೆಲವರು ಓಲೆಗರಿಯಲ್ಲಿ ಬರೆದಿಟ್ಟರು. ಚೆದುರಿಹೋಗಿದ್ದ ಇವನ್ನೆಲ್ಲ ಹುಡುಕಿ, ಒಂದಕ್ಕೊಂದು ಹೋಲಿಸಿ, 1924ರಲ್ಲಿ ದೊಡ್ಡ ಸಂಕಲನವಾಗಿ ತಂದವರು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಈ ಧಾರವಾಡ ಸೀಮೆಯ ಪಂಡಿತರು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರು ಸೇರಿಸಿದ ತ್ರಿಪದಿಗಳು, ಅಂದರೆ ಮೂರು ಸಾಲಿನ ಪದ್ಯಗಳು, ಸುಮಾರು ಎರಡು ಸಾವಿರ.

ಜನರ ಬಾಯಲ್ಲಿ ಮಾತ್ರ ಲೆಕ್ಕ ಬೇರೆ. ಸರ್ವಜ್ಞ ಏಳು ಕೋಟಿಗೂ ಮಿಕ್ಕಿ ವಚನ ಹೇಳಿದ ಎನ್ನುತ್ತಾರೆ. ಪೆನ್ಸಿಲ್ ತೆಗೆದುಕೊಳ್ಳಿ. ದಿನಕ್ಕೆ 100 ವಚನದಂತೆ ಒಂದು ದಿನವೂ ಬಿಡದೆ ಹೇಳಿದರೂ ಏಳು ಕೋಟಿ ಮುಗಿಯಲು ಏಳು ಲಕ್ಷ ದಿನ ಬೇಕು. ಅಂದರೆ 1,900 ವರ್ಷಕ್ಕೂ ಹೆಚ್ಚು! ಸರ್ವಜ್ಞ ಊಟ ನಿದ್ದೆ ಬಿಟ್ಟಿದ್ದರೂ ಆಗುವ ಕೆಲಸವಲ್ಲ.

ತಮಿಳಿನ ತಿರುಕ್ಕುರಳ್‌ಗೆ ಈ ತಾಪತ್ರಯವಿಲ್ಲ. 133 ಅಧ್ಯಾಯ, ಒಂದೊಂದರಲ್ಲಿ ಹತ್ತು, ಒಟ್ಟು 1,330 ಕುರಳ್. ಹೊಸದೊಂದನ್ನು ಸೇರಿಸಲು ಹೋದರೆ ಸಿಕ್ಕಿಬೀಳುತ್ತೀರಿ. 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ನಿಂತವು. ಕವಿಗಳಿಬ್ಬರಿಗೂ ಸಮನಾದ ಮರ್ಯಾದೆ ಸಿಕ್ಕಿತು, ಸರಿ. ಆದರೆ ಒಬ್ಬರ ಪದ್ಯಗಳಿಗೆ ಬೇಲಿ ಇದೆ, ಇನ್ನೊಬ್ಬರದು ಬಯಲು.

ಬಯಲಲ್ಲಿ ಹುಡುಕುವುದು ಹೇಗೆ? ಬರಹವನ್ನು ಪರೀಕ್ಷೆ ಮಾಡುವವರ ಕೈಯಲ್ಲಿ ಎರಡು ದಾರಿಗಳಿವೆ. ಒಂದು ಎಣಿಸುವುದು. ಇನ್ನೊಂದು ನಿಧಾನವಾಗಿ ಓದಿ ಅರ್ಥ ಬಿಡಿಸುವುದು. ದೊಡ್ಡವರ ಪುಸ್ತಕದಲ್ಲಿ ಮೊದಲನೆಯದಕ್ಕೆ ಪರಿಮಾಣಾತ್ಮಕ, ಎರಡನೆಯದಕ್ಕೆ ಗುಣಾತ್ಮಕ ವಿಶ್ಲೇಷಣೆ ಎನ್ನುತ್ತಾರೆ. ಆ ಹೆಸರುಗಳು ಅಲ್ಲೇ ಇರಲಿ, ನಾವು ಎಣಿಕೆ, ಓದು ಅನ್ನೋಣ.

ಎಣಿಕೆಯಿಂದ ಶುರು ಮಾಡೋಣ. ತ್ರಿಪದಿಗೆ ಒಂದು ಲೆಕ್ಕವಿದೆ. ಹಾಡುವಾಗ ಸಾಲು ತುಣುಕು ತುಣುಕಾಗಿ ಬೀಳುತ್ತದಲ್ಲ, ಆ ತುಣುಕಿಗೆ ಗಣ ಎನ್ನುತ್ತಾರೆ. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಒಟ್ಟು 11 ಗಣ. ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಮಾತ್ರ ಗಿಡ್ಡ. ಯಾರೋ ಅವಸರದಲ್ಲಿ ಕಟ್ಟಿದ ಸಾಲುಗಳು ಈ ಲೆಕ್ಕದಲ್ಲಿ ಎಡವುತ್ತವೆ.

ಹಾಗಾದರೆ ಲೆಕ್ಕ ತಪ್ಪಿದವನ್ನೆಲ್ಲ ತೆಗೆದು ಹಾಕಿಬಿಡೋಣವೇ? ತಡೆಯಿರಿ. ಬಾಯಿಂದ ಬಾಯಿಗೆ ಬರುವಾಗ ಸರ್ವಜ್ಞನದೇ ಸಾಲು ಮುರಿದಿರಬಹುದು. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಅವನದೇ ಎನ್ನಲೂ ಆಗದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿ ಸುಮಾರು 1,300 ವರ್ಷ ಹಳೆಯದು. ನಿಮ್ಮ ಅಜ್ಜಿಯ ಅಜ್ಜಿ ಬೀಸುಕಲ್ಲಿನ ಮುಂದೆ ಹಾಡಿದ್ದೂ ತ್ರಿಪದಿಯೇ. ಗಣ ಎಣಿಸಿದರೆ ಇದು ತ್ರಿಪದಿ ಹೌದೋ ಅಲ್ಲವೋ ಗೊತ್ತಾಗುತ್ತದೆ, ಕಟ್ಟಿದವರು ಯಾರು ಎಂಬುದಲ್ಲ.

ಪದಗಳನ್ನು ಹಿಡಿಯೋಣ. ಒಂದು ತ್ರಿಪದಿಯಲ್ಲಿ ರೈಲು ಬಂತು ಅಂದುಕೊಳ್ಳಿ. ನಮ್ಮ ದೇಶದಲ್ಲಿ ಜನರನ್ನು ಹೊತ್ತ ರೈಲು ಮುಂಬೈಯಿಂದ ಠಾಣೆಗೆ ಮೊದಲು ಓಡಿದ್ದು 1853ರಲ್ಲಿ, ಆದ್ದರಿಂದ ಆ ತ್ರಿಪದಿ ಅದಕ್ಕಿಂತ ಈಚಿನದು. ಇದು ಸುಲಭ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿಯನ್ನು ತೆಗೆದುಕೊಳ್ಳಿ. ಜಗತ್ತಿಗೇ ಹೆಸರಾದ ಆ ಕೆಂಪು ಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗಿನಲ್ಲಿ ಅದು ಇಲ್ಲಿಗೆ ಬಂದದ್ದು 1498ರ ನಂತರ. ಅದಕ್ಕೂ ಮುಂಚಿನದು ಎಂದು ಯಾರಾದರೂ ತಂದುಕೊಟ್ಟ ಬರಹದಲ್ಲಿ ಮೆಣಸಿನಕಾಯಿ ಕಂಡರೆ ಹುಬ್ಬೇರಿಸಬೇಕು. ಬರೀ ‘ಮೆಣಸು’ ಅಂತಿದ್ದರೆ? ಅದು ಕರಿಮೆಣಸೂ ಇರಬಹುದು. ಮುಂದಿನ ಪದ, ಹಿಂದಿನ ಪದ ಓದದೆ ತೀರ್ಮಾನ ಹೇಳುವಂತಿಲ್ಲ. ಎಣಿಕೆ ಇಲ್ಲಿ ಓದನ್ನು ಕರೆಯಲೇಬೇಕಾಯಿತು.

ಇಂಥ ದೊಡ್ಡ ಪದಗಳಿಗಿಂತ ಸಣ್ಣ ಪದಗಳೇ ಒಳ್ಳೆಯ ಗೂಢಚಾರರು. ಅಮೆರಿಕದಲ್ಲಿ 1787–88ರಲ್ಲಿ ಸಂವಿಧಾನದ ಪರವಾಗಿ 85 ಲೇಖನಗಳು ಬಂದವು. ಎಲ್ಲಕ್ಕೂ ಒಂದೇ ಸುಳ್ಳು ಹೆಸರು, ಬರೆದವರು ಮೂವರು. ಅವುಗಳಲ್ಲಿ 12 ಲೇಖನಗಳನ್ನು ಬರೆದವರು ಆ ಮೂವರಲ್ಲಿ ಹ್ಯಾಮಿಲ್ಟನ್ನರೋ ಮ್ಯಾಡಿಸನ್ನರೋ ಎಂಬ ಜಗಳ ಒಂದೂವರೆ ಶತಮಾನ ನಡೆಯಿತು. ಫ್ರೆಡರಿಕ್ ಮೋಸ್ಟೆಲರ್ ಮತ್ತು ಡೇವಿಡ್ ವಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸ್ವಾತಂತ್ರ್ಯ, ಸರ್ಕಾರ, ಯುದ್ಧ ಮುಂತಾದ ಗಂಭೀರ ಪದಗಳನ್ನು ಪಕ್ಕಕ್ಕಿಟ್ಟರು. ಇಂಗ್ಲಿಷಿನ ‘ಅಪಾನ್’ (ಮೇಲೆ) ಎಂಬ ಪುಟ್ಟ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿದರು. ಹ್ಯಾಮಿಲ್ಟನ್ ಅದನ್ನು ಸಾವಿರ ಪದಕ್ಕೆ ಸುಮಾರು ಮೂರು ಸಲ ಬಳಸುತ್ತಿದ್ದರು, ಮ್ಯಾಡಿಸನ್ ಅಪರೂಪಕ್ಕೆ. ಇಂಥ ಹಲವು ಸಣ್ಣ ಪದಗಳನ್ನು ತೂಗಿ ನೋಡಿ, 12 ಲೇಖನಗಳೂ ಮ್ಯಾಡಿಸನ್ನರವು ಎಂದು 1964ರಲ್ಲಿ ಪುಸ್ತಕ ಬರೆದರು. ದೊಡ್ಡ ಪದಗಳನ್ನು ನಾವು ಯೋಚಿಸಿ ಆರಿಸುತ್ತೇವೆ, ಸಣ್ಣವು ತಾವಾಗಿಯೇ ಬೀಳುತ್ತವೆ. ಇನ್ನೊಬ್ಬರಂತೆ ಬರೆಯಲು ಹೊರಟವರು ಅಲ್ಲೇ ಸಿಕ್ಕಿಬೀಳುವುದು.

ಹಾಗಾದರೆ ಸರ್ವಜ್ಞನ ತ್ರಿಪದಿಗಳ ಸಣ್ಣ ಪದ ಎಣಿಸಿದರೆ ಮುಗಿಯಿತಲ್ಲ! ನನಗೂ ಆಸೆಯೇ. ಎರಡು ತೊಡಕುಗಳಿವೆ. ಹ್ಯಾಮಿಲ್ಟನ್ನರೇ ಬರೆದದ್ದು ಎಂದು ಅನುಮಾನವಿಲ್ಲದ ಲೇಖನಗಳು ಬೇಕಾದಷ್ಟಿದ್ದವು, ಅವುಗಳ ಪಕ್ಕದಲ್ಲಿಟ್ಟು ಉಳಿದವನ್ನು ನೋಡಬಹುದಿತ್ತು. ಸರ್ವಜ್ಞನ ಕೈಬರಹದ ಒಂದು ಹಾಳೆಯೂ ನಮ್ಮಲ್ಲಿಲ್ಲ. ಎರಡನೆಯ ತೊಡಕು ಕನ್ನಡದ್ದೇ. ಈ ಮೂರು ವಾಕ್ಯ ನೋಡಿ: ಸಂತೆಗೆ ಹೋದೆ. ಸಂತೆಯಲ್ಲಿ ಬದನೆಕಾಯಿ ಕೊಂಡೆ. ಸಂತೆಯಿಂದ ಬಂದೆ. ‘ಸಂತೆ’ ಎಷ್ಟು ಸಲ ಬಂತು? ನೀವು ಮೂರು ಅಂತೀರಿ. ಇಡೀ ಪದಕ್ಕೆ ಇಡೀ ಪದವನ್ನೇ ಹೋಲಿಸುವ ಕಂಪ್ಯೂಟರ್ ಒಂದೂ ಇಲ್ಲ ಅನ್ನುತ್ತದೆ. ಅದರ ಕಣ್ಣಿಗೆ ‘ಸಂತೆಗೆ’, ‘ಸಂತೆಯಲ್ಲಿ’, ‘ಸಂತೆಯಿಂದ’ ಮೂರು ಬೇರೆ ಬೇರೆ ಪದಗಳು. ಮೊದಲು ಬಾಲ ಕತ್ತರಿಸಿ ಬೇರನ್ನು ಹಿಡಿಯುವುದನ್ನು ಅದಕ್ಕೆ ಕಲಿಸಬೇಕು. ಸಂಧಿಯಾಗಿ ಅಂಟಿಕೊಂಡ ಪದಗಳನ್ನು ಬಿಡಿಸುವುದನ್ನೂ ಕಲಿಸಬೇಕು.

ಊರ ಹೆಸರುಗಳಲ್ಲೂ ಇದೇ ಫಜೀತಿ. ಶಿಗ್ಗಾವಿ, ಶಿಗ್ಗಾಂವ, ಶಿಗ್ಗಾಂವಿ ಎಂದೆಲ್ಲ ಬೋರ್ಡುಗಳಲ್ಲಿ, ಪತ್ರಿಕೆಗಳಲ್ಲಿ ಕಾಣುತ್ತದೆ. ಯಂತ್ರಕ್ಕೆ ಮೂರು ಊರು. ಹಾನಗಲ್ಲಿನದು ಇನ್ನೂ ಸ್ವಾರಸ್ಯ. ಕದಂಬರ ಒಂದು ಶಾಖೆ ಆಳಿದ ಈ ಊರು ಹಳೆಯ ಶಾಸನಗಳಲ್ಲಿ ‘ಪಾನುಂಗಲ್’. ಸುಮಾರು ಸಾವಿರ ವರ್ಷದ ಹಿಂದೆ ಶುರುವಾಗಿ ಕನ್ನಡದ ‘ಪ’ ಹಲವು ಪದಗಳಲ್ಲಿ ‘ಹ’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾನುಂಗಲ್ ಹಾನಗಲ್ಲಾಯಿತು. ಹೀಗಾಗಿ ಒಂದು ಶಾಸನದಲ್ಲಿ ಇಂಥ ಪದಗಳು ಎಷ್ಟು ‘ಪ’ದಿಂದ, ಎಷ್ಟು ‘ಹ’ದಿಂದ ಶುರುವಾಗುತ್ತವೆ ಎಂದು ಎಣಿಸಿದರೆ ಅದರ ವಯಸ್ಸನ್ನು ಊಹಿಸಲು ಒಂದು ದಾರಿ ಸಿಗುತ್ತದೆ. ಇದು ಸೊಗಸಾದ ಎಣಿಕೆ. ಆದರೂ ಹಳೆಯದೇ ಗತ್ತು ಎಂದು ಬೇಕೆಂತಲೇ ‘ಪ’ ಉಳಿಸಿಕೊಂಡ ಕವಿಗಳಿದ್ದರು, ಅವರನ್ನು ಪತ್ತೆ ಹಚ್ಚಲು ಓದಲೇಬೇಕು.

ಇನ್ನು ಸವಣೂರಿಗೆ ಬನ್ನಿ. ಅಲ್ಲಿಯ ಕಲ್ಮಠದ ಆವರಣದಲ್ಲಿ ಭಾರೀ ಮರಗಳಿವೆ. ಊರವರು ಅವನ್ನು ದೊಡ್ಡಹುಣಸೆ ಮರ ಎನ್ನುತ್ತಾರೆ. ಅವು ಹುಣಸೆಯೇ ಅಲ್ಲ! ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಯಾರೋ ಸವಣೂರಿನ ಮೇಲೆ ಬರೆದ ನೂರು ಲೇಖನಗಳಲ್ಲಿ ‘ಹುಣಸೆ’ ಎಣಿಸಿ, ಇಲ್ಲಿ ಹುಣಸೆ ಬೆಳೆ ಜೋರು ಎಂದು ವರದಿ ಕೊಟ್ಟರೆ ಎಣಿಕೆಯಲ್ಲಿ ತಪ್ಪಿಲ್ಲ, ವರದಿ ಮಾತ್ರ ಪೂರ್ತಿ ತಪ್ಪು. ಸವಣೂರಿನ ‘ಎಲೆ’ಯೂ ಹಾಗೆಯೇ. ಅಲ್ಲಿ ಎಲೆ ಅಂದರೆ ಮೊದಲು ನೆನಪಾಗುವುದು ವೀಳ್ಯದೆಲೆ. ಮದುವೆ ಮನೆಯಲ್ಲಿ ‘ಎಲೆ ಹಾಕ್ರಿ’ ಅಂದರೆ ಊಟದ ಎಲೆ.

ಎಣಿಕೆ ಪೂರ್ತಿ ಕೈಚೆಲ್ಲುವ ಜಾಗ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಅಲ್ಲಿಯ ಶಿಶುನಾಳದಲ್ಲಿ 1819ರಿಂದ 1889ರವರೆಗೆ ಬಾಳಿದ ಶರೀಫರು ಹಾಡಿದ ತತ್ವಪದಗಳನ್ನು ನೀವು ಕೇಳೇ ಇರುತ್ತೀರಿ. ಒಂದರಲ್ಲಿ ಪ್ರಾಣಿಗಳು, ವಸ್ತುಗಳು ಒಂದನ್ನೊಂದು ನುಂಗುತ್ತ ಹೋಗುತ್ತವೆ, ಕೆಲವೆಡೆ ಸಣ್ಣದು ದೊಡ್ಡದನ್ನೇ! ಇನ್ನೊಂದರಲ್ಲಿ ಮನೆಯ ಮಾಳಿಗೆ ಸೋರುತ್ತದೆ. ಪದ ಎಣಿಸಿ ವಿಷಯ ಹೇಳುವ ಯಂತ್ರಕ್ಕೆ ಇವನ್ನು ಕೊಟ್ಟರೆ ಮೊದಲನೆಯದನ್ನು ಪ್ರಾಣಿಶಾಸ್ತ್ರದ ಕಪಾಟಿನಲ್ಲಿ, ಎರಡನೆಯದನ್ನು ಮನೆ ರಿಪೇರಿಯ ಕಪಾಟಿನಲ್ಲಿ ಇಟ್ಟೀತು. ಭಜನೆಗೆ ಕೂತ ಅಜ್ಜನನ್ನು ಕೇಳಿ, ಸೋರುವುದು ಯಾವ ಮನೆ ಎಂದು ನಿಧಾನವಾಗಿ ಹೇಳುತ್ತಾರೆ. ಅದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಮುಂಡಿಗೆಗಳು ಅರ್ಥವನ್ನು ಬೇಕೆಂದೇ ಬಚ್ಚಿಟ್ಟ ಹಾಡುಗಳು. ಬಿಡಿಸಬೇಕಾದರೆ ಪುರಾಣ ಗೊತ್ತಿರಬೇಕು, ಸಂಬಂಧಗಳು ಗೊತ್ತಿರಬೇಕು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬ ಗಮನ ಇರಬೇಕು.

ಓದು ಎಂದರೆ ಸುಮ್ಮನೆ ನನಗೆ ಅನ್ನಿಸಿದ್ದು ಹೇಳುವುದಲ್ಲ. ಅಲ್ಲೂ ಶಿಸ್ತು ಇದೆ. ಒಂದೇ ಹಾಡನ್ನು ಮೂರು ನಾಲ್ಕು ಸಲ ಓದಬೇಕು. ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಬೇಕು. ಈ ಅರ್ಥ ಹಾಡಿನ ಯಾವ ಸಾಲಿನಿಂದ ಬಂತು ಎಂದು ಬೆರಳಿಟ್ಟು ತೋರಿಸಬೇಕು. ನಮ್ಮ ಅರ್ಥಕ್ಕೆ ಒಗ್ಗದ ಸಾಲು ಬಂದರೆ ಅದನ್ನು ಹಾರಿಸದೆ ಅಲ್ಲೇ ನಿಲ್ಲಬೇಕು.

ಹಾಡುಗಳ ಮೇಲೆ ಎಣಿಕೆ, ಓದು ಎರಡೂ ಒಟ್ಟಿಗೆ ಕುಸ್ತಿಗೆ ಬಿದ್ದ ಒಂದು ಹಳೆಯ ಕಥೆ ಸ್ವೀಡನ್ ದೇಶದಲ್ಲಿದೆ. 1740ರ ದಶಕದಲ್ಲಿ ‘ಜಿಯಾನ್ ಗೀತೆಗಳು’ ಎಂಬ 90 ಹಾಡುಗಳ ಪುಸ್ತಕ ಅಲ್ಲಿ ಮನೆಮಾತಾಯಿತು. ಚರ್ಚಿನ ಹಿರಿಯರಿಗೆ ಅನುಮಾನ ಬಂತು, ಇವು ಜನರ ದಾರಿ ತಪ್ಪಿಸುವ ಹಾಡುಗಳು ಎಂದರು. ಒಬ್ಬ ಪಂಡಿತ ಕೂತು ಆ ಹಾಡುಗಳಲ್ಲಿ ಬರುವ ಧಾರ್ಮಿಕ ಪದಗಳನ್ನು ಎಣಿಸಿದ, ಚರ್ಚಿನ ಅಧಿಕೃತ ಪುಸ್ತಕದಲ್ಲಿ ಬರುವವನ್ನೂ ಎಣಿಸಿದ. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವಿರೋಧಿಗಳು ಬಿಡಲಿಲ್ಲ. ಪದ ಅದೇ ಇರಬಹುದು, ಯಾವ ಪದದ ಜೊತೆ ಯಾವ ಪದ ಕೂತಿದೆ ನೋಡಿರಿ, ಏನನ್ನು ಬಿಟ್ಟಿದ್ದಾರೆ ನೋಡಿರಿ ಎಂದರು. ಕಾರಿನ್ ಡೋವ್ರಿಂಗ್ ಎಂಬ ವಿದುಷಿ 1950ರ ದಶಕದಲ್ಲಿ ಈ ಜಗಳವನ್ನು ಬೆಳಕಿಗೆ ತಂದರು. ಸಂವಹನ ಅಧ್ಯಯನ ಮಾಡುವವರು ಇಂದಿಗೂ ತಮ್ಮ ವಿದ್ಯೆಯ ಹುಟ್ಟುಕಥೆಗಳಲ್ಲಿ ಒಂದಾಗಿ ಇದನ್ನು ಹೇಳಿಕೊಳ್ಳುತ್ತಾರೆ. ಆ ಜಗಳದಲ್ಲಿ ಗೆದ್ದವರು ಯಾರು ಎನ್ನುವುದಕ್ಕಿಂತ, ಎರಡೂ ಕಡೆಯವರು ಪುಸ್ತಕವನ್ನು ಕೈಯಲ್ಲಿ ಹಿಡಿದೇ ಜಗಳವಾಡಿದರು ಎನ್ನುವುದು ನನಗೆ ಇಷ್ಟ.

ಸಂವಹನ ಅಂದೆ. ಜನ ಜನರಿಗೆ ಹೇಗೆ ಸುದ್ದಿ ಮುಟ್ಟಿಸುತ್ತಾರೆ, ಹೇಗೆ ಒಪ್ಪಿಸುತ್ತಾರೆ ಎಂಬುದರ ಅಧ್ಯಯನ ಅದು. ಅವರಿಗೆ ಸರ್ವಜ್ಞನಿಗಿಂತ ಪತ್ರಿಕೆ, ರೇಡಿಯೊ, ಭಾಷಣಗಳೇ ಹೆಚ್ಚು ಕೆಲಸ ಕೊಡುತ್ತವೆ. ಅದಕ್ಕೂ ನಮ್ಮ ಸವಣೂರಿನ ದಾರಿ ಇದೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಮುಂದೆ ಜ್ಞಾನಪೀಠ ಪ್ರಶಸ್ತಿ ಪಡೆದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಭಾಷೆಯ ಸ್ಥಾನ ಕೊಡಬೇಕು ಎಂದು ಅವರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. 1982ರಲ್ಲಿ ಅದರ ಜಾರಿಗಾಗಿ ನಾಡೆಲ್ಲ ಚಳವಳಿ, ನಟ ರಾಜ್‌ಕುಮಾರ್ ಅವರೂ ಬೀದಿಗೆ ಇಳಿದರು. ಆಗ ಪತ್ರಿಕೆಗಳು ಏನು ಬರೆದವು, ಓದುಗರು ಸಂಪಾದಕರಿಗೆ ಏನು ಪತ್ರ ಬರೆದರು ಎಂದು ಇವತ್ತು ತಿಳಿಯಬೇಕಾದರೆ ಏನು ಮಾಡುತ್ತೀರಿ?

ಇಡೀ ವರ್ಷದ ಪತ್ರಿಕೆ ಓದಲು ನಿಮಗೆ ಪುರಸೊತ್ತಿಲ್ಲ. ಭಾನುವಾರದವು ದಪ್ಪ ಇರುತ್ತವೆ ಎಂದು ಅವನ್ನಷ್ಟೇ ಆರಿಸಿದರೆ ವಾರದ ಉಳಿದ ದಿನಗಳ ಬಿಸಿ ತಪ್ಪಿಹೋಗುತ್ತದೆ. ಚಳವಳಿ ಜೋರಾಗಿದ್ದ ಒಂದೇ ವಾರ ಆರಿಸಿದರೆ ವರ್ಷವಿಡೀ ಹಾಗೇ ಇತ್ತು ಅನ್ನಿಸುತ್ತದೆ. ಅದಕ್ಕೆ ಒಂದು ಉಪಾಯ: ಆ ವರ್ಷದ ಸೋಮವಾರಗಳನ್ನೆಲ್ಲ ಚೀಟಿಯಲ್ಲಿ ಬರೆದು ಒಂದು ಚೀಟಿ ಎತ್ತುವುದು, ಮಂಗಳವಾರಗಳಲ್ಲಿ ಒಂದು, ಬುಧವಾರಗಳಲ್ಲಿ ಒಂದು. ಹೀಗೆ ಏಳು ಚೀಟಿ ಎತ್ತಿದರೆ ಬೇರೆ ಬೇರೆ ತಿಂಗಳುಗಳಿಂದ ಕೂಡಿಸಿದ ಒಂದು ವಾರ ಸಿಗುತ್ತದೆ. ಅಂಥ ವಾರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ, ಆದರೆ ವರ್ಷದ ಮುಖ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಎರಡು ಮೂರು ಸಲ ಹೀಗೆ ಎತ್ತಿದರೆ ಇನ್ನೂ ಒಳ್ಳೆಯದು.

ಈಗ ಪತ್ರಗಳನ್ನು ವಿಂಗಡಿಸಬೇಕು. ಡಬ್ಬಿಗಳು ಎರಡು ಇರಲಿ: ವರದಿಯ ಪರ, ವರದಿಯ ವಿರೋಧ. ಯಾವ ಪತ್ರ ಯಾವ ಡಬ್ಬಿಗೆ ಎಂಬ ನಿಯಮವನ್ನು ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಹಾಕುತ್ತ ಹಾಕುತ್ತ ನಿಯಮ ಬದಲಿಸುವಂತಿಲ್ಲ. ಒಬ್ಬರೇ ವಿಂಗಡಿಸಿದರೆ ಅದು ಅವರ ಮನಸ್ಸಿನ ಚಿತ್ರವಾದೀತು. ಅದಕ್ಕೆ ಇಬ್ಬರು ಬೇಕು. ಒಬ್ಬಳು ಹಾನಗಲ್ಲಿನವಳು, ಒಬ್ಬ ಹಿರೇಕೆರೂರಿನವನು ಅನ್ನಿ. ಅವರು ಒಬ್ಬರದೊಬ್ಬರು ನೋಡದೆ 100 ಪತ್ರಗಳನ್ನು ವಿಂಗಡಿಸಿದರು, 90ರಲ್ಲಿ ಇಬ್ಬರ ಉತ್ತರವೂ ಒಂದೇ ಬಂತು ಅಂದುಕೊಳ್ಳೋಣ. ನೂರಕ್ಕೆ ತೊಂಬತ್ತು, ಭೇಷ್!

ಅಷ್ಟು ಬೇಗ ಬೆನ್ನು ತಟ್ಟಬೇಡಿ. ಪತ್ರ ಓದದೇ ಇಬ್ಬರೂ ನಾಣ್ಯ ಚಿಮ್ಮಿ ಪರ, ವಿರೋಧ ಎಂದು ಹಾಕಿದ್ದರೂ ಸುಮಾರು 50ರಲ್ಲಿ ಉತ್ತರ ಹೊಂದುತ್ತಿತ್ತು. ಆ 50 ಅದೃಷ್ಟದ್ದು. ಅದನ್ನು 90ರಿಂದ ಕಳೆಯಿರಿ, 40 ಉಳಿಯಿತು. ನೂರರಿಂದಲೂ ಕಳೆಯಿರಿ, 50 ಉಳಿಯಿತು. 50ಕ್ಕೆ 40, ಅಂದರೆ ನೂರಕ್ಕೆ 80. ಅವರ ನಿಜವಾದ ಒಪ್ಪಿಗೆ ಅಷ್ಟು. ಜೇಕಬ್ ಕೊಹೆನ್ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲಿ ಕೊಟ್ಟ ಲೆಕ್ಕ ಇದು, ಅದಕ್ಕೆ ‘ಕಪ್ಪಾ’ ಎಂಬ ಗ್ರೀಕ್ ಅಕ್ಷರದ ಹೆಸರು. ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ವಾಲಿದ್ದರೆ ಅದೃಷ್ಟದ ಪಾಲು ಇನ್ನೂ ಹೆಚ್ಚುತ್ತದೆ, ಕಳೆಯುವ ಸಂಖ್ಯೆಯೂ ಬದಲಾಗುತ್ತದೆ.

ಹೊಂದದೆ ಉಳಿದ ಹತ್ತು ಪತ್ರಗಳನ್ನು ಏನು ಮಾಡಬೇಕು? ಎಸೆಯಬೇಡಿ. ಕೆಲಸದ ರುಚಿ ಇರುವುದೇ ಅಲ್ಲಿ. ಒಬ್ಬ ತಂದೆ ಬರೆದಿದ್ದಾರೆ ಅಂದುಕೊಳ್ಳಿ: “ಕನ್ನಡ ನಮ್ಮ ತಾಯಿ, ಅದಕ್ಕೆ ಮೊದಲ ಜಾಗ ಸಿಗಲೇಬೇಕು. ಆದರ ನಮ್ಮ ಹುಡುಗ ಸಂಸ್ಕೃತ ತಗೊಂಡಾನ, ಅದರಾಗ ಮಾರ್ಕ್ಸ್ ಛಲೋ ಬರ್ತಾವ. ಅವ ಹತ್ತನೆತ್ತೆ ಮುಗಿಸೋ ತನಕ ಏನೂ ಬದಲಿ ಮಾಡಬ್ಯಾಡ್ರಿ.” ಹಾನಗಲ್ಲಿನ ಹುಡುಗಿ ಇದನ್ನು ಪರ ಎಂದು ಹಾಕಿದಳು, ಮೊದಲ ವಾಕ್ಯ ಅಷ್ಟು ಗಟ್ಟಿಯಾಗಿದೆಯಲ್ಲ ಎಂದು. ಹಿರೇಕೆರೂರಿನ ಹುಡುಗ ವಿರೋಧ ಎಂದು ಹಾಕಿದ, ಕೊನೆಗೆ ಬೇಡ ಅಂತಲೇ ಕೇಳಿದ್ದಾರಲ್ಲ ಎಂದು. ಇಬ್ಬರೂ ಸಾಲಿನ ಮೇಲೆ ಬೆರಳಿಟ್ಟೇ ಮಾತಾಡುತ್ತಿದ್ದಾರೆ.

‘ತತ್ವಕ್ಕೆ ಪರ, ನಮ್ಮ ಮನೆಗೆ ಸದ್ಯಕ್ಕೆ ಬೇಡ’ ಎಂಬ ಮೂರನೆಯ ಡಬ್ಬಿ ಬೇಕೆಂದು ಅವರು ತೀರ್ಮಾನಿಸಿದರೆ ನೋಟ್‌ಬುಕ್ಕಿನಲ್ಲಿ ಹೊಸ ನಿಯಮ ಬರೆಯಬೇಕಾಗುತ್ತದೆ. ನಿಯಮ ಹೊಸದಾದರೆ ಒಪ್ಪಿಕೊಂಡ ಆ 90 ಪತ್ರಗಳೂ ಡಬ್ಬಿಯಿಂದ ಹೊರಗೆ ಬರಬೇಕು. ಮೊದಲನೆಯ ಪತ್ರದಿಂದ ಮತ್ತೆ ಓದು, ಮತ್ತೆ ಎಣಿಕೆ.